ಹನ್ನೆರಡನೆಯ ಫ್ರೆಟ್‌ನಲ್ಲಿ ಎಲ್ಮೋರ್ ಜೇಮ್ಸ್

ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಎಲ್ಮೋರ್ ಜೇಮ್ಸ್ ಅವರ ‘ಡಸ್ಟ್ ಮೈ ಬ್ರೂಮ್’ ಹಾಡಿನ ಆರಂಭದ ಗಿಟಾರ್ ನುಡಿಯನ್ನು ಕಲಿಯಲು ಒಂದು ಸಂಜೆ ಸಾಕೆಂದು ನಾನು ಎಣಿಸಿದ್ದೆ. ಕಿವಿಗೆ ಒಪ್ಪುವಂತೆ ಅದು ಕೈಗೆ ಬರಲು ಎರಡು ವರ್ಷ ಹಿಡಿಯಿತು.

ಮೊದಲ ಅಡ್ಡಿ ನನ್ನ ಗಿಟಾರಿನದೇ ಆಗಿತ್ತು. ತಂತಿಗಳು ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗೆ ತೀರ ಹತ್ತಿರವಿದ್ದುದರಿಂದ, ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವ ಉಕ್ಕಿನ ಕೊಳವೆ, ಅಂದರೆ ಸ್ಲೈಡ್, ಇಟ್ಟೊಡನೆ ಕಟಕಟ ಸದ್ದಾಗುತ್ತಿತ್ತು. ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ನಟ್ ಎಂಬ ಪಟ್ಟಿಯನ್ನು ಎತ್ತರಿಸಿ, ದಪ್ಪ ತಂತಿ ಹಾಕಿ, ಜೇಮ್ಸ್ ಬಳಸುತ್ತಿದ್ದ, ತಂತಿಗಳನ್ನು ಒತ್ತದೆ ಮೀಟಿದರೇ ಡಿ ಕಾರ್ಡ್ (ಕೂಡುಸ್ವರ) ಕೇಳಿಸುವ ಓಪನ್ ಡಿ ಶ್ರುತಿಗೆ ತಂದುಕೊಂಡೆ. ಡಿ ಸ್ವರವನ್ನು ಷಡ್ಜವೆಂದುಕೊಂಡರೆ ಮಂದ್ರದಿಂದ ಕ್ರಮವಾಗಿ ಸ, ಪ, ಸ, ಗ, ಪ, ಸ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ವೀಣೆ ಕಲಿತಿದ್ದ ನನಗೆ ಈ ಲೆಕ್ಕ ಸುಲಭವಾಯಿತು. ಸ್ಲೈಡನ್ನು ಅಡ್ಡಲಾಗಿ 5ನೆಯ ಫ್ರೆಟ್‌ನ ಮೇಲಿಟ್ಟರೆ ಮಧ್ಯಮದ ಕಾರ್ಡ್, 7ರಲ್ಲಿ ಪಂಚಮದ್ದು, 12ರಲ್ಲಿ ಮತ್ತೆ ಷಡ್ಜದ್ದು. ಬ್ಲೂಸ್ ಹಾಡಿನ ಒಂದು ಸುತ್ತಾದ ಹನ್ನೆರಡು ಬಾರ್‌ಗಳಿಗೆ (ತಾಳದ ಆವರ್ತಗಳಿಗೆ) ಬೇಕಾದದ್ದು ಇಷ್ಟೇ.

‘ಡಸ್ಟ್ ಮೈ ಬ್ರೂಮ್’ನ ಆ ನುಡಿ ಇರುವುದು 12ನೆಯ ಫ್ರೆಟ್‌ನಲ್ಲಿ. ಕೆಳಗಿನಿಂದ ಜಾರಿ ಬಂದು, ತೆಳುವಾದ ತಂತಿಗಳ ಮೇಲೆ ತಿಶ್ರ ಗತಿಯಲ್ಲಿ ಒಂದೇ ಸಮನೆ ಮೀಟಬೇಕು. ಸ್ಲೈಡ್ ನಿಲ್ಲಬೇಕಾದದ್ದು ಎರಡು ಫ್ರೆಟ್‌ಗಳ ನಡುವೆಯಲ್ಲ, ಫ್ರೆಟ್‌ನ ಲೋಹದ ನೇರಕ್ಕೆ; ತಂತಿಯನ್ನು ಒತ್ತಲೂ ಬಾರದು. ಇಷ್ಟನ್ನು ಪಾಲಿಸಿದರೂ ನನ್ನ ವಾದನ ಕೇವಲ ಗದ್ದಲವಾಗಿತ್ತು. ಸ್ಲೈಡನ್ನು ಕಿರುಬೆರಳಿಗೆ ಹಾಕಿಕೊಂಡು, ಅದರ ಹಿಂದೆ ಉಳಿದ ಬೆರಳುಗಳನ್ನು ಹಗುರವಾಗಿ ತಂತಿಗಳ ಮೇಲೆ ಮಲಗಿಸಿ, ಬೇಡದ ತಂತಿಗಳನ್ನು ಬಲಗೈಯಿಂದಲೂ ಮೌನವಾಗಿರಿಸುವುದನ್ನು ಕಲಿತ ಮೇಲೆ ನಾದ ತಿಳಿಯಾಯಿತು.

ಈ ನುಡಿ ಜೇಮ್ಸ್ ಅವರ ಸ್ವಂತ ಸೃಷ್ಟಿಯೇ ಎಂದರೆ ಪೂರ್ತಿ ಅಲ್ಲ. ಮಿಸಿಸಿಪಿಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಈ ಹಾಡನ್ನು ಧ್ವನಿಮುದ್ರಿಸಿದಾಗ ಅದೇ ತಿಶ್ರವನ್ನು ಸ್ಲೈಡ್ ಇಲ್ಲದೆ ಬರಿ ಬೆರಳುಗಳಿಂದ ನುಡಿಸಿದ್ದರು. ಮಿಸಿಸಿಪಿಯವರೇ ಆದ ಜೇಮ್ಸ್ 1951ರಲ್ಲಿ ಜಾಕ್ಸನ್ ಪಟ್ಟಣದಲ್ಲಿ ಟ್ರಂಪೆಟ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ ಅದನ್ನು ಸ್ಲೈಡ್‌ಗೂ ಆಂಪ್ಲಿಫೈಯರ್‌ಗೂ ಒಪ್ಪಿಸಿದರು. ಮಿಸಿಸಿಪಿಯ ಕ್ಯಾಂಟನ್ ಊರಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದ್ದ ಅವರಿಗೆ ಆಂಪ್ಲಿಫೈಯರ್‌ಗಳಲ್ಲಿ ಬಳಸುವ ವಾಲ್ವ್‌ಗಳ (ಗಾಜಿನ ನಿರ್ವಾತ ನಳಿಕೆಗಳ) ಮರ್ಮ ಗೊತ್ತಿತ್ತು. ಆ ಒರಟು ಧ್ವನಿಗಾಗಿ ನಾನು ಗಿಟಾರಿನ ಧ್ವನಿ ಬದಲಿಸುವ ಮೂರು ಪೆಡಲ್ ಕೊಂಡು ಹಣ ಕಳೆದುಕೊಂಡೆ. ಕೊನೆಗೆ ಹಳೆಯ ಚಿಕ್ಕ ವಾಲ್ವ್ ಆಂಪ್ಲಿಫೈಯರಿನ ವಾಲ್ಯೂಮನ್ನು ಪೂರ್ತಿ ಏರಿಸಿದಾಗ ಅದರ ಸಮೀಪಕ್ಕೆ ಬಂದೆ. ನೆರೆಮನೆಯವರ ಸಹನೆ ದೊಡ್ಡದು.

1963ರಲ್ಲಿ ಷಿಕಾಗೋದಲ್ಲಿ, 45ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ ಈ ವಾದಕರ ಹಾದಿಯಲ್ಲಿ ಸ್ಲೈಡ್ ವಾದಕರಾದ ಹೌಂಡ್ ಡಾಗ್ ಟೇಲರ್, ಫ್ಲೀಟ್‌ವುಡ್ ಮ್ಯಾಕ್ ತಂಡದ ಜೆರೆಮಿ ಸ್ಪೆನ್ಸರ್ ನಡೆದರು. ರೋಲಿಂಗ್ ಸ್ಟೋನ್ಸ್ ತಂಡದ ಬ್ರಯಾನ್ ಜೋನ್ಸ್ ಆರಂಭದ ದಿನಗಳಲ್ಲಿ ತಮ್ಮನ್ನು ಎಲ್ಮೋ ಲೂಯಿಸ್ ಎಂದೇ ಕರೆದುಕೊಂಡಿದ್ದರು. ಸ್ಪೆನ್ಸರ್ ಅನುಕರಣೆ ನಿಖರವಾದದ್ದು, ಆದರೆ ಟೇಲರ್ ಅವರ ಅಡ್ಡಾದಿಡ್ಡಿ ವಾದನವೇ ನನಗೆ ಹೆಚ್ಚು ಪ್ರಿಯ.

ನನ್ನ ಕೈಗೆ ಕೊನೆಯವರೆಗೂ ಒಗ್ಗದೆ ಉಳಿದದ್ದು ಗಾಂಧಾರ. ಬ್ಲೂಸ್‌ನ ಗಾಂಧಾರ ನಮ್ಮ ಸಾಧಾರಣ ಗಾಂಧಾರಕ್ಕೂ ಅದಕ್ಕಿಂತ ಅರ್ಧ ಸ್ವರ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ತೆಳು ತಂತಿಯಿಂದ ಎಣಿಸಿ ಮೂರನೆಯದರಲ್ಲಿ, ಅಂದರೆ ಗ ತಂತಿಯಲ್ಲಿ, ನೋಡಿದರೆ 11 ಮತ್ತು 12ನೆಯ ಫ್ರೆಟ್‌ಗಳ ಮಧ್ಯೆ. ಅಭ್ಯಾಸಬಲದಿಂದ ನಾನು ಪ್ರತಿ ಸಲವೂ ಜಾರು ಎಳೆದು ಅಂತರ ಗಾಂಧಾರಕ್ಕೇ ಮುಟ್ಟಿಸಿಬಿಡುತ್ತಿದ್ದೆ. ನನ್ನ ಹಳೆಯ ವೀಣೆ ಮೇಷ್ಟ್ರಿಗೆ 1951ರ ಮುದ್ರಣವನ್ನು ಕೇಳಿಸಿದಾಗ ಅವರು ಗಿಟಾರಿನ ಮಾತೇ ಎತ್ತದೆ, “ಆತ ಹಾಡುವಾಗ ಆ ಸ್ವರವನ್ನು ಎಲ್ಲಿ ಬಿಡುತ್ತಾನೆ ನೋಡಪ್ಪಾ, ಮೊದಲು ಅದನ್ನು ನೀನು ಹಾಡು” ಎಂದರು. ಅಂದಿನಿಂದ ಸ್ಲೈಡ್ ತೊಡುವ ಮೊದಲು ಹತ್ತು ನಿಮಿಷ ಜೇಮ್ಸ್ ಅವರ ಸಾಲುಗಳನ್ನು ಬಾಯಲ್ಲಿ ಹಾಡಿಕೊಳ್ಳುತ್ತೇನೆ, ಆಮೇಲೆ ದೀಪ ಆರಿಸಿ, ಫ್ರೆಟ್ ಕಾಣದಂತೆ ಮಾಡಿಕೊಂಡು ನುಡಿಸುತ್ತೇನೆ.