ದಸರಾ ರಜೆ: ಮಕ್ಕಳ ಕೈಗೊಂದು ಕೆಲಸ

ವಿಜಯದಶಮಿಯ ಸಂಜೆ ನಮ್ಮ ಧಾರವಾಡದ ಕಡೆ ಮಕ್ಕಳಿಗೆ ಪುರುಸೊತ್ತೇ ಇರುವುದಿಲ್ಲ. ಮುಷ್ಟಿ ತುಂಬ ಬನ್ನಿ ಎಲೆ ಹಿಡಿದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆ ಹತ್ತಿ ಇಳಿಯಬೇಕು. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟಬೇಕು. ಮಾತು ಬಿಟ್ಟವರ ಮನೆಯನ್ನೂ ಬಿಡುವ ಹಾಗಿಲ್ಲ. ದೊಡ್ಡವರಿಗೆ ಹೊಸಿಲು ದಾಟಲು ಮುಜುಗರವಾದರೆ ಮಕ್ಕಳನ್ನು ಮುಂದೆ ಬಿಡುವುದೂ ಉಂಟು. ಈ ಒಂದು ಸುತ್ತಿನಲ್ಲಿ ಓಣಿಯ ಒಳಗುಟ್ಟೆಲ್ಲ ನಮಗೆ ಗೊತ್ತಾಗುತ್ತಿತ್ತು. ಯಾವ ಅಜ್ಜ ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ, ಯಾರ ಮಗ ಊರಿಗೆ ಬಂದಿಲ್ಲ ಎಲ್ಲವೂ.

ಅಪಾರ್ಟ್‌ಮೆಂಟಿನ ಮಕ್ಕಳಿಗೆ ಆ ಸುತ್ತು ತಪ್ಪಿದೆ. ‘ಬೇರೆಯವರಿಗೆ ಸಹಾಯ ಮಾಡು’ ಎಂದರೆ ಯಾರಿಗೆ, ಏನು ಎಂಬುದೇ ಅವರಿಗೆ ಹೊಳೆಯುವುದಿಲ್ಲ. ಆ ಕೊರತೆಯನ್ನು ನಾವು ದುಡ್ಡಿನಿಂದ ತುಂಬುತ್ತೇವೆ. ಹಬ್ಬದ ದಿನ ಯಾವುದಾದರೂ ಅನಾಥಾಶ್ರಮಕ್ಕೆ ಸಿಹಿ ಡಬ್ಬಿಗಳನ್ನು ಒಯ್ದು ಮಗುವಿನ ಕೈಯಿಂದ ಕೊಡಿಸುತ್ತೇವೆ. ದುಡ್ಡು ಅಪ್ಪನದು, ಓಡಾಟ ಅಮ್ಮನದು, ಫೋಟೊ ಮಾತ್ರ ಮಗುವಿನದು. ಮಗು ಕೊಡುವುದು ಅದರದ್ದೇ ಆಗಿರಬೇಕು: ಅದರ ಸಮಯ, ಅದರ ಮೈಬಗ್ಗಿಸಿದ ಕೆಲಸ, ಅದರ ಆಟಿಕೆ. ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ ಸರಿಸುಮಾರು 20 ದಿನ. ಶುರು ಮಾಡಲು ಅಷ್ಟು ಧಾರಾಳ ಸಾಕು.

ಮೊದಲು ಕಣ್ಣು, ಆಮೇಲೆ ಕೈ

ರಜೆಯ ಮೊದಲ ಮೂರು ದಿನ ಏನೂ ಮಾಡಿಸಬೇಡಿ. ಸಂಜೆ ಅರ್ಧ ಗಂಟೆ ಮಗುವಿನ ಜೊತೆ ಬೀದಿ ಸುತ್ತಿ, ವಾಹನದಲ್ಲಲ್ಲ, ಕಾಲ್ನಡಿಗೆಯಲ್ಲಿ. ‘ಇವತ್ತು ಯಾರಿಗೆ ಕಷ್ಟವಾಗುತ್ತಿರುವುದು ಕಂಡಿತು?’ ಎಂಬ ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ನೀವು ಊಹಿಸದ ಉತ್ತರಗಳು ಬರುತ್ತವೆ. ಲಿಫ್ಟ್ ಕೆಟ್ಟಾಗ ನೀರಿನ ಕ್ಯಾನು ಹೊತ್ತು ಮೂರನೇ ಮಹಡಿ ಹತ್ತುವವರು, ಬಿಸಿಲಲ್ಲೇ ಕುರ್ಚಿ ಹಾಕಿಕೊಂಡಿರುವ ಕಾವಲುಗಾರ, ಔಷಧದ ಪಟ್ಟಿಯನ್ನು ಕಣ್ಣಿಗೆ ಅಂಟಿಸಿಕೊಂಡು ಓದುವ ಎದುರುಮನೆ ಅಜ್ಜಿ. ದೊಡ್ಡವರ ಕಣ್ಣು ಇವರನ್ನೆಲ್ಲ ದಾಟಿಕೊಂಡು ಹೋಗುವುದನ್ನು ಎಂದೋ ಕಲಿತುಬಿಟ್ಟಿದೆ.

ಮನೆಯಿಂದ ಹೊರಗೆ

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆಯುಧಪೂಜೆಗೆ ಮನೆಯಲ್ಲಿ ಏನನ್ನೆಲ್ಲ ತೊಳೆಯುತ್ತೀರೋ ಅದರಲ್ಲಿ ಸೈಕಲ್ಲು, ಪುಸ್ತಕದ ಕಪಾಟು, ಟೇಬಲ್ ಫ್ಯಾನಿನ ರೆಕ್ಕೆಯ ಧೂಳು ಮಗುವಿನ ಪಾಲಿಗಿರಲಿ. ಇನ್ನೂ ಒಂದು. ಮನೆಗೆಲಸದವರಿಗೂ ಹಬ್ಬವಿದೆ. ಅವರಿಗೆ ಎರಡು ದಿನ ಸಂಬಳ ಸಹಿತ ರಜೆ ಕೊಟ್ಟು, ಆ ಎರಡು ದಿನದ ಪಾತ್ರೆ ಮತ್ತು ಕಸವನ್ನು ಮನೆಯವರೆಲ್ಲ ಹಂಚಿಕೊಳ್ಳಿ. ಹೋಳಿಗೆ ಹಬ್ಬದ ಪಾತ್ರೆ ಎಷ್ಟಿರುತ್ತದೆ ಎಂದು ಹತ್ತು ವರ್ಷದ ಹುಡುಗನ ಕೈಗೆ ತಿಳಿದರೆ ಮರುದಿನದಿಂದ ಆತ ಆ ಅಕ್ಕನನ್ನು ಮಾತಾಡಿಸುವ ರೀತಿಯೇ ಬೇರೆಯಾಗುತ್ತದೆ.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನನಿತ್ಯ ದಾಸೋಹ ನಡೆಯುತ್ತದೆ. ಸುತ್ತಲಿನ ಹಳ್ಳಿಯವರು ಬೆಳೆದ ರಾಗಿ, ಕಾಳುಗಳಲ್ಲಿ ಒಂದು ಪಾಲನ್ನು ಅಲ್ಲಿಗೆ ಒಪ್ಪಿಸುವುದು ಬಹುಕಾಲದ ರೂಢಿ. ಅದನ್ನೇ ಚಿಕ್ಕದಾಗಿ ಮಾಡಬಹುದು. ಅನ್ನಕ್ಕಿಡುವ ಮೊದಲು ದಿನಕ್ಕೊಂದು ಮುಷ್ಟಿ ಅಕ್ಕಿಯನ್ನು ಮಗು ಡಬ್ಬಿಗೆ ಹಾಕಲಿ. ಚಿಕ್ಕ ಮುಷ್ಟಿಗೆ 30 ಗ್ರಾಂ ಹಿಡಿದರೂ 20 ದಿನಕ್ಕೆ 600 ಗ್ರಾಂ. ಅಕ್ಕಿ ನಿಮ್ಮದೇ, ಒಪ್ಪಿದೆ. ಆದರೆ ನೆನಪಿಟ್ಟು ತೆಗೆದಿಡುವ ಕೆಲಸ ಮಗುವಿನದು. ಮರೆತರೆ ನೀವು ಹಾಕಬೇಡಿ.

ಒಬ್ಬರು, ಒಂದು ಕೆಲಸ, ಒಂದು ಹೊತ್ತು

ನೋಟ್‌ಬುಕ್ಕಿನ ಪಟ್ಟಿಯಿಂದ ಒಬ್ಬರನ್ನಷ್ಟೇ ಆರಿಸಿ. ಎಲ್ಲರಿಗೂ ಸಹಾಯ ಮಾಡಲು ಹೊರಟ ಮಗು ನಾಲ್ಕನೇ ದಿನಕ್ಕೆ ಕಾರ್ಟೂನಿಗೆ ವಾಪಸಾಗುತ್ತದೆ. ಎದುರುಮನೆ ಅಜ್ಜಿಯೇ ಆದರು ಅಂದುಕೊಳ್ಳಿ. ಮೊದಲು ನೀವು ಹೋಗಿ ಅವರನ್ನು ಕೇಳಿ: ‘ನಮ್ಮ ಹುಡುಗಿ ದಿನಾ ಐದು ಗಂಟೆಗೆ ಬಂದರೆ ನಿಮಗೆ ತೊಂದರೆಯಿಲ್ಲವಾ?’ ಬೇಡ ಎಂದರೆ ಬೇಡ. ಸಹಾಯ ಬೇಡವೆನ್ನುವ ಹಕ್ಕು ಇನ್ನೊಬ್ಬರಿಗಿದೆ ಎನ್ನುವುದನ್ನೂ ಮಗು ಅಲ್ಲೇ ಕಲಿಯಲಿ.

ಐದಾರು ವರ್ಷದವರು ಪೂಜೆಗೆ ಹೂ ಬಿಡಿಸಿ ಕೊಟ್ಟು ಬರಬಹುದು. ಎಂಟು ಹತ್ತರವರು ಪೇಪರಿನ ತಲೆಬರಹ ಓದಿ ಹೇಳಬಹುದು, ಗಿಡಕ್ಕೆ ನೀರು ಹಾಕಬಹುದು. ಹನ್ನೆರಡು ದಾಟಿದವರಿಗೆ ಫೋನಿನ ಕೆಲಸ ಹೇಳಿ ಮಾಡಿಸಿದ್ದು: ಅಕ್ಷರದ ಗಾತ್ರ ದೊಡ್ಡದು ಮಾಡುವುದು, ಮಕ್ಕಳು ಮೊಮ್ಮಕ್ಕಳ ನಂಬರಿಗೆ ಫೋಟೊ ಸೇರಿಸುವುದು, ವಿಡಿಯೊ ಕಾಲ್ ಹೇಗೆಂದು ಹತ್ತು ಸಲ ತೋರಿಸುವುದು. ಹನ್ನೊಂದನೇ ಸಲ ಕೇಳಿದಾಗಲೂ ಮುಖ ಸಿಂಡರಿಸದಿರುವುದೇ ಇಲ್ಲಿ ನಿಜವಾದ ಕೆಲಸ. ಗಟ್ಟಿ ನಿಯಮವೊಂದಿದೆ: ಪಿನ್, ಒಟಿಪಿ, ಬ್ಯಾಂಕಿನ ಆ್ಯಪು ಮುಟ್ಟುವಂತಿಲ್ಲ. ಅಜ್ಜಿ ತಾವಾಗಿ ಹೇಳಲು ಬಂದರೂ ಕಿವಿ ಮುಚ್ಚಿಕೊಳ್ಳಬೇಕು.

ಔಷಧದ ಹೆಸರು ಓದಿ ಹೇಳಬಹುದು, ಮಾತ್ರೆ ತೆಗೆದುಕೊಡುವುದು ಬೇಡ.

ಕೊಡುವ ವಸ್ತುವಿಗೆ ಇಸ್ತ್ರಿ

ಬಟ್ಟೆ, ಆಟಿಕೆ ಕೊಡುವುದಾದರೆ ಆರಿಸುವವರು ಮಗುವೇ ಆಗಿರಬೇಕು. ಮಗು ಮಲಗಿದ್ದಾಗ ಹಳೆಯ ಗೊಂಬೆಯನ್ನು ಚೀಲಕ್ಕೆ ಹಾಕಿದರೆ ಅದು ದಾನವಲ್ಲ, ಕಳ್ಳತನ. ಬಟ್ಟೆ ಒಗೆದು, ಬಿದ್ದ ಗುಂಡಿ ಹೊಲಿದು, ಇಸ್ತ್ರಿ ಮಾಡಿ ಮಡಚಲಿ. ಶೂಗಳ ಲೇಸು ಒಂದಕ್ಕೊಂದು ಕಟ್ಟಲಿ, ಜೋಡಿ ತಪ್ಪಬಾರದು. ಪಝಲ್ಲಿನ ತುಂಡುಗಳನ್ನು ಎಣಿಸಲಿ. ಕೊನೆಗೆ ‘ಇದನ್ನು ನಾಳೆ ನೀನೇ ಹಾಕಿಕೊಂಡು ಮದುವೆಗೆ ಹೋಗುತ್ತೀಯಾ?’ ಎಂದು ಕೇಳಿ. ಇಲ್ಲ ಎಂದರೆ ಅದು ನೆಲ ಒರೆಸಲು.

ಆಶ್ರಮಕ್ಕೆ ಹೋಗುವುದಾದರೆ

ಒಮ್ಮೆ ಮಗಳ ಹುಟ್ಟುಹಬ್ಬಕ್ಕೆ ಕೇಕು ಹಿಡಿದು ಮಕ್ಕಳ ಆಶ್ರಮವೊಂದಕ್ಕೆ ಹೋಗಿದ್ದೆವು. ಸಾಲಾಗಿ ಕೂತ ಮಕ್ಕಳು ಚಪ್ಪಾಳೆ ತಟ್ಟಿ ಹಾಡಿದರು. ಹಾಡು ಮುಗಿದ ಮೇಲೆ ಮುಂದಿನ ಸಾಲಿನ ಹುಡುಗನೊಬ್ಬ ಮಗಳಿಗೆ ಪಿಸುಗುಟ್ಟಿದ್ದು, ‘ಇವತ್ತು ಇದು ಮೂರನೇ ಕೇಕು’. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನೂ.

ಹಾಗಾಗಿ ಹಬ್ಬದ ದಿನ ಹೋಗಬೇಡಿ. ಆ ದಿನ ಸಿಹಿ ಹೆಚ್ಚಾಗಿ ಕೆಡುತ್ತದೆ. ಹಬ್ಬ ಮುಗಿದ ಎರಡು ವಾರಕ್ಕೆ ಬಾಗಿಲಲ್ಲಿ ಯಾರೂ ಇರುವುದಿಲ್ಲ, ಆಗ ಹೋಗಿ. ಮೊದಲೇ ಫೋನು ಮಾಡಿ ಏನು ಬೇಕು ಎಂದು ಕೇಳಿ. ಸೋಪು, ತಲೆಗೆಣ್ಣೆ, ನೋಟ್‌ಬುಕ್ ಎನ್ನಬಹುದು. ಕೇಳಲು ಸಪ್ಪೆ ಎನಿಸಿದರೂ ಅದನ್ನೇ ತನ್ನಿ. ಅಲ್ಲಿನ ಮಕ್ಕಳ ಜೊತೆ ನಿಮ್ಮ ಮಗು ಕೇರಂ ಆಡಿ ಸೋತು ಬರಲಿ. ಫೋನು ಚೀಲದಲ್ಲೇ ಇರಲಿ. ಬರೀ ಶಿಷ್ಟಾಚಾರದ ಮಾತಲ್ಲ ಇದು: 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ಚಿತ್ರ, ಗುರುತು ಹತ್ತುವ ವಿವರಗಳನ್ನು ಪ್ರಕಟಿಸುವಂತಿಲ್ಲ.

ಪಟಾಕಿಯ ಮರುದಿನ

ದೀಪಾವಳಿಯ ದಿನ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹತ್ತು ಗಂಟೆಗೆ ದೊಡ್ಡವರೊಬ್ಬರು ಬಕೆಟ್ ಹಿಡಿದು ಹೊರಬಂದು, ಸಿಡಿಯದೆ ಉಳಿದವುಗಳ ಮೇಲೆ ನೀರು ಹೊಯ್ಯಲಿ. ಮಕ್ಕಳು ಅವನ್ನು ಕೈಯಲ್ಲಿ ಮುಟ್ಟಲೇಬಾರದು. ಬೆಳಗ್ಗೆ ಪೌರಕಾರ್ಮಿಕರು ಬರುವುದಕ್ಕೆ ಮುಂಚೆ ಏಳಿಸಿ. ಕೈಗವಸು, ಮುಖಗವಸು, ಮೊರ, ಉದ್ದ ಪೊರಕೆ ಕೊಟ್ಟು ನಿಮ್ಮ ಮನೆಯ ಮುಂದಿನದನ್ನೂ ಎರಡೂ ಪಕ್ಕದ ಮನೆಯವರದನ್ನೂ ಗುಡಿಸಲಿ. ಪುಟಾಣಿಗಳು ದೂರದಲ್ಲಿ ಹೂಕುಂಡದ ಚಿಪ್ಪುಗಳನ್ನು ಎಣಿಸುತ್ತಿರಲಿ. ಎಷ್ಟು ಹೊಡೆದೆವೆಂಬ ಲೆಕ್ಕ ಗುಡಿಸುವಾಗಲೇ ಸಿಗುವುದು, ಮುಂದಿನ ವರ್ಷದ ಖರೀದಿ ತಾನಾಗಿ ಇಳಿಯಬಹುದು. ಗಾಡಿಯವರು ಬಂದಾಗ ಬಿಸಿ ಕಾಫಿ ಕೊಡುವ ಕೆಲಸ ಮಗುವಿನದು. ಹೆಸರು ಕೇಳಲಿ, ತನ್ನ ಹೆಸರನ್ನೂ ಹೇಳಲಿ.

ನಡುವೆ ಕೈಬಿಟ್ಟರೆ

ಬಿಡುತ್ತಾರೆ. ಆರನೇ ದಿನಕ್ಕೆ ಹೊಟ್ಟೆನೋವು ಬರುತ್ತದೆ, ಎಂಟನೇ ದಿನಕ್ಕೆ ಗೆಳೆಯನ ಮನೆ ಕರೆಯುತ್ತದೆ. ಬೈಯಬೇಡಿ, ಚಾಕೊಲೇಟ್ ಆಸೆಯನ್ನೂ ತೋರಿಸಬೇಡಿ. ಒಮ್ಮೆ ಕೂಲಿ ಕೊಟ್ಟರೆ ಅದು ಕೂಲಿಯಾಗಿಯೇ ಉಳಿಯುತ್ತದೆ. ನೆಂಟರ ಮುಂದೆ ‘ನಮ್ಮ ಮಗ ಎಷ್ಟು ಒಳ್ಳೆಯವನು’ ಎಂದು ಹಾಡಿಹೊಗಳುವುದೂ ಕೂಲಿಯೇ. ‘ಅಜ್ಜಿ ಐದು ಗಂಟೆಗೆ ಬಾಗಿಲು ತೆಗೆದಿಟ್ಟಿದ್ದರಂತೆ’ ಎಂದಷ್ಟೇ ಹೇಳಿ ಸುಮ್ಮನಾಗಿ.

ಶಾಲೆ ತೆರೆದ ಮೇಲೆ ದಿನಾ ಹೋಗಲಾಗದು. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಒಂದು ಶನಿವಾರದ ಚೌಕದೊಳಗೆ ಮಗುವಿನ ಕೈಯಿಂದಲೇ ಆ ಅಜ್ಜಿಯ ಹೆಸರು ಬರೆಸಿ. ಅಜ್ಜಿಗೂ ತಿಳಿಸಿ. ಆ ದಿನ ಬರಲಾಗದಿದ್ದರೆ ಫೋನು ಮಾಡಿ ಹೇಳಬೇಕಾದವರು ನೀವಲ್ಲ, ಮಗು.