ದಾಸವಾಳಕ್ಕೂ ಜೋನಿಬೆಲ್ಲದ ಉಪಾಯ

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಅಲ್ಲಿ ದಾಸವಾಳಕ್ಕೆ ಯಾರೂ ಆರೈಕೆ ಮಾಡುವುದಿಲ್ಲ. ಬೇಲಿಗೆ ಒಂದು ಗೆಲ್ಲು ಚುಚ್ಚಿದರೆ ಮುಗಿಯಿತು, ಉಳಿದದ್ದು ಮಳೆಯ ಕೆಲಸ. ಆ ಬೇಲಿಯ ಐದೆಸಳಿನ ಕೆಂಪು ದಾಸವಾಳವೇ ಬೇಕು ಅಂತ 2019ರ ಜೂನ್‌ನಲ್ಲಿ ಪೆನ್ಸಿಲ್ ದಪ್ಪದ ನಾಲ್ಕು ಗೆಲ್ಲು ಬೆಂಗಳೂರಿಗೆ ತಂದೆ. ಗೇಣುದ್ದ ಕತ್ತರಿಸಿ, ತುದಿಯ ಎರಡು ಎಲೆ ಮಾತ್ರ ಬಿಟ್ಟು, ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ನೆಟ್ಟೆ. ಎರಡು ಕೊಳೆತವು. ಎರಡು ಒಂದೂವರೆ ತಿಂಗಳಿಗೆ ಬೇರು ಬಿಟ್ಟವು. ಚೆನ್ನಾಗಿದ್ದ ಒಂದನ್ನು 12 ಇಂಚಿನ ಕುಂಡಕ್ಕೆ ಹಾಕಿ ಟೆರೇಸಿನಲ್ಲಿಟ್ಟೆ.

ಮೂರನೇ ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ಮೊಗ್ಗು ಅರಳುವ ಮೊದಲೇ ಉದುರುತ್ತಿತ್ತು. ಚಿಗುರೆಲ್ಲ ಮುರುಟಿ, ಎಲೆ ತೊಟ್ಟಿನ ಸಂದಿಯಲ್ಲಿ ಹತ್ತಿ ಮೆತ್ತಿದಂತೆ ಬಿಳಿ ಬಿಳಿ. ಹಿಟ್ಟು ತಿಗಣೆ! ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಕಿ ಸಂಜೆ ಹೊತ್ತು ಹೊಡೆದೆ. ಕಡಿಮೆಯಾಗುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಬರುತ್ತಿತ್ತು. ಮೂರು ತಿಂಗಳು ಇದೇ ಆಯಿತು. ಕಿತ್ತು ಹಾಕಿ ಅಂದವರೂ ಇದ್ದರು. ಊರಿನ ಗಿಡ ಅಲ್ವಾ, ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ಸುಮ್ನೆ ಗಿಡದ ಪಕ್ಕ ಕೂತು ನೋಡಿದೆ. ಕಾಂಡದ ಮೇಲೆ ಕಪ್ಪಿರುವೆಗಳ ಸಾಲು. ಒಂದು ಇರುವೆ ಬಿಳಿ ಹುಳದ ಬೆನ್ನನ್ನು ಮೀಸೆಯಿಂದ ಮೆಲ್ಲಗೆ ತಟ್ಟಿತು. ಹುಳದಿಂದ ಗಾಜಿನಂಥ ಹನಿಯೊಂದು ಹೊರಬಂತು. ಇರುವೆ ಅದನ್ನು ಕುಡಿದು ಮುಂದಿನ ಹುಳದ ಹತ್ತಿರ ಹೋಯಿತು, ಹಸು ಕರೆದ ಹಾಗೆ. ಆ ಸಿಹಿಗಾಗಿ ಇರುವೆಗಳು ತಿಗಣೆಯನ್ನು ಹೊಸ ಚಿಗುರಿಗೆ ಹೊತ್ತೊಯ್ಯುತ್ತವೆ. ತಿಗಣೆ ತಿನ್ನಲು ಬರುವ ಗುಲಗಂಜಿ ಹುಳಗಳನ್ನೂ ಓಡಿಸುತ್ತವೆ.

ಆಗ ನೆನಪಾಗಿದ್ದು ಅಜ್ಜಿಯ ಜೋನಿಬೆಲ್ಲದ, ಅಂದರೆ ಪಾಕದಂತೆ ಹರಿಯುವ ಬೆಲ್ಲದ ಭರಣಿ. ಇರುವೆ ಹತ್ತದಂತೆ ಅದನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಹುಳ ಕೂತ ತುದಿಗಳನ್ನು ಕತ್ತರಿಸಿ ಕವರಿಗೆ ಕಟ್ಟಿ ಹಾಕಿದೆ. ಉಳಿದ ಗಿಡವನ್ನು ಪೈಪಿನ ನೀರಿನ ರಭಸಕ್ಕೆ ತೊಳೆದೆ. ಅಗಲದ ಬೇಸಿನ್ನಿನಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಕುಂಡ ಇಟ್ಟು, ಸುತ್ತ ನೀರು ತುಂಬಿದೆ. ಕುಂಡದ ತಳ ನೀರಿಗೆ ತಾಗಬಾರದು, ಬೇರು ಕೊಳೆಯುತ್ತದೆ. ಒಂದೇ ಒಂದು ಎಲೆ ಗೋಡೆಗೆ ತಾಗಿದರೂ ಇರುವೆಗೆ ಅದೇ ಸಂಕ, ಅಂದರೆ ಕಾಲುಸೇತುವೆ. ಸೊಳ್ಳೆ ಆಗದಂತೆ ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಾಯಿಸಲೇಬೇಕು. ಇರುವೆ ಗೂಡು ಕುಂಡದ ಮಣ್ಣಿನಲ್ಲೇ ಇದ್ದರೆ ಈ ಉಪಾಯ ನಡೆಯುವುದಿಲ್ಲ. ನಮ್ಮಲ್ಲಿ ಅದು ಗೋಡೆಯ ಬಿರುಕಿನಲ್ಲಿತ್ತು. ಬೇವಿನೆಣ್ಣೆ ವಾರಕ್ಕೊಮ್ಮೆಯಂತೆ ಮತ್ತೆ ಮೂರು ಸಲ ಹೊಡೆದೆ, ಅಷ್ಟೇ. ತಿಂಗಳೊಳಗೆ ಚಿಗುರು ನೆಟ್ಟಗಾಯಿತು.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಅದಕ್ಕೇ ಈಗ ಪ್ರತಿ ಫೆಬ್ರವರಿಯಲ್ಲಿ ಮೂರರಲ್ಲಿ ಒಂದು ಭಾಗ ಕತ್ತರಿಸಿ, ಒಂದು ಹಿಡಿ ಬೇವಿನ ಹಿಂಡಿ, ಎರಡು ಬೊಗಸೆ ಹಟ್ಟಿಗೊಬ್ಬರ ಕೊಡುತ್ತೇನೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು. ಕತ್ತರಿಸಿದ ಗೆಲ್ಲು ಅಕ್ಕಪಕ್ಕದವರಿಗೆ ಹೋಗುತ್ತದೆ. ಎಲೆ ಮಾತ್ರ ಯಾರಿಗೂ ಕೊಡುವುದಿಲ್ಲ. ಆ ಹೊತ್ತಿಗೆ ಔಷಧ ಹೊಡೆದಿರುವುದಿಲ್ಲ, ನೀರಿನಲ್ಲಿ ಕಿವುಚಿ ಲೋಳೆಯಂಥ ಗೊಂಪು ಮಾಡಿ ತಲೆಗೆ ಹಾಕಿಕೊಳ್ಳುತ್ತೇನೆ.