ಆಫೀಸಿನಿಂದ ನಿವೃತ್ತಿಯಾದ ಪುಟ್ಟ ಲ್ಯಾಪ್‌ಟಾಪ್ ಕೊಳ್ಳುವುದು ಹೇಗೆ?

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಸೇರಿದಾಗ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡ. ಹನ್ನೆರಡೂವರೆ ಇಂಚಿನ ಪುಟ್ಟ ಕಪ್ಪು ಯಂತ್ರ. ನೋಡಲು ಹೊಸದರ ಹಾಗೇ ಇತ್ತು. ನಾಲ್ಕು ತಿಂಗಳು ಚೆನ್ನಾಗಿ ಓಡಿತು. ಒಂದು ದಿನ ಸ್ಲೋ ಆಯಿತೆಂದು ರೀಸೆಟ್ ಮಾಡಿದ. ಮತ್ತೆ ಆನ್ ಆದಾಗ ಪರದೆಯ ಮೇಲೆ ಯಾವುದೋ ಕಂಪನಿಯ ಲೋಗೊ. ಅದರ ಕೆಳಗೆ, ಕಚೇರಿಯ ಇಮೇಲ್ ಹಾಕಿ ಎನ್ನುವ ಸಾಲು. ‘ಮಾಮಾ, ಲ್ಯಾಪ್‌ಟಾಪು ನನ್ನನ್ನ ಕೆಲಸಕ್ಕೆ ಕರೀತಿದೆ’ ಅಂತ ಫೋನ್ ಮಾಡಿದ. ಅಂಗಡಿಯವರು ಕೊಟ್ಟಿದ್ದ ವಾರಂಟಿ ಮೂರೇ ತಿಂಗಳು.

ಆಮೇಲೆ ಇಂಥದ್ದನ್ನು ಇನ್ನೂ ಮೂರ್ನಾಲ್ಕು ಮನೆಗಳಲ್ಲಿ ನೋಡಿದೆ. ಎಲ್ಲರೂ ಗೀರು ಇದೆಯಾ, ಐ5ಆ ಐ7ಆ, ರ್‍ಯಾಮ್ ಎಷ್ಟು ಅಂತ ಕೇಳುತ್ತಾರೆ, ದುಡ್ಡು ಕೊಟ್ಟು ಎದ್ದು ಬರುತ್ತಾರೆ. ಕೈ ಸುಡುವುದು ಬೇರೆ ಕಡೆ.

ಮೊದಲೇ ಹೇಳಿಬಿಡುತ್ತೇನೆ, ಈ ಯಂತ್ರಗಳು ನನಗೆ ಇಷ್ಟ. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್ ಸಾಲು, ಡೆಲ್ ಲ್ಯಾಟಿಟ್ಯೂಡ್ 7000 ಸಾಲು, ಎಚ್‌ಪಿ ಎಲೀಟ್‌ಬುಕ್ 800 ಸಾಲು. ಕಂಪನಿಗಳು ಇವನ್ನು ನೂರಾರು ಲೆಕ್ಕದಲ್ಲಿ ತಗೊಂಡು, ಮೂರ್ನಾಲ್ಕು ವರ್ಷ ಬಳಸಿ ಬಿಟ್ಟುಕೊಡುತ್ತವೆ. ಅವು ಲಾಟ್ ಲಾಟಾಗಿ ಬೆಂಗಳೂರಿನ ಎಸ್.ಪಿ. ರೋಡಿಗೋ ಆನ್‌ಲೈನ್ ಅಂಗಡಿಗೋ ಬಂದು ಸೇರುತ್ತವೆ. ಹೊಸ ಅಗ್ಗದ ಲ್ಯಾಪ್‌ಟಾಪಿನ ಪರದೆ ಮಡಚುವ ಹಿಂಜ್ ಎರಡೇ ವರ್ಷಕ್ಕೆ ಕಿತ್ತುಬರುವುದುಂಟು. ಇವುಗಳ ಹಿಂಜು ಗಟ್ಟಿ, ಕೀಬೋರ್ಡ್ ಬೆರಳಿಗೆ ಹಿತ. ಹಿಂದಿನ ಸ್ಕ್ರೂ ಬಿಚ್ಚಿದರೆ ಒಳಗಿನದು ಕಣ್ಣಿಗೆ ಕಾಣುತ್ತದೆ, ಹಳೇ ಭಾಗಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೆ ಗಾತ್ರ ಕುಗ್ಗಿಸುವಾಗ ಏನನ್ನೋ ಬಿಟ್ಟಿರುತ್ತಾರೆ ಅಲ್ವಾ? ಕೊಳ್ಳುವ ಮುಂಚೆ ಅದು ಏನೆಂದು ಗೊತ್ತಿರಬೇಕು.

ಹೆಜ್ಜೆ 1: ಪ್ರೊಸೆಸರ್ ನಂಬರ್ ಓದಿ

ಐ5, ಐ7 ಅನ್ನುವುದನ್ನು ಮರೆತುಬಿಡಿ. ಅದರ ಮುಂದಿನ ನಂಬರ್ ನೋಡಿ. ಐ7 6600ಯು ಅಂದರೆ ಆರನೇ ತಲೆಮಾರು, ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಐ5 8250ಯು ಎಂಟನೇ ತಲೆಮಾರು, ನಾಲ್ಕು ಕೋರ್. ಹೆಸರಿನಲ್ಲಿ ಐ7 ದೊಡ್ಡದು, ಕೆಲಸದಲ್ಲಿ ಆ ಐ5 ಮುಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಮೇಲಕ್ಕೆ. ಹಳೆಯದರಲ್ಲೂ ಹಾಕಿಕೊಡ್ತೀವಿ ಸಾರ್ ಅನ್ನುತ್ತಾರೆ. ಹಾಕಲು ಬರುತ್ತದೆ, ಮುಂದಿನ ಅಪ್‌ಡೇಟಿಗೆ ಯಾರೂ ಜವಾಬ್ದಾರರಲ್ಲ. ಬೇಡ.

ಹೆಜ್ಜೆ 2: ಮಾಡೆಲ್ ಆರಿಸಿ

ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿದೆಯೇ, ಸ್ಲಾಟ್‌ನಲ್ಲಿ ಇದೆಯೇ ಎಂದು ಕೇಳಿ. 2018ರ ಥಿಂಕ್‌ಪ್ಯಾಡ್ ಎಕ್ಸ್280 ಸೊಗಸಾದ ಹಗುರ ಯಂತ್ರ, ಆದರೆ ಅದರ ರ್‍ಯಾಮ್ ಬೆಸುಗೆಯದು. 8 ಜಿಬಿ ತಗೊಂಡರೆ ಕೊನೇವರೆಗೂ 8 ಜಿಬಿಯೇ. ಅದರ ಹಿಂದಿನ ಎಕ್ಸ್270ರಲ್ಲಿ ರ್‍ಯಾಮ್ ಬದಲಾಯಿಸಬಹುದು. ಒಳಗೊಂದು ಬ್ಯಾಟರಿ, ಹಿಂದೆ ಕಳಚುವ ಇನ್ನೊಂದು. ಲ್ಯಾಪ್‌ಟಾಪ್ ಓಡುತ್ತಿರುವಾಗಲೇ ಹಿಂದಿನದನ್ನು ತೆಗೆದು ಬೇರೆ ಹಾಕಬಹುದು. ಇಂಥ ಒಳ್ಳೆಯ ಏರ್ಪಾಡನ್ನು ತೆಳ್ಳಗೆ ಮಾಡುವ ಹುಚ್ಚಿನಲ್ಲಿ ಕೈಬಿಟ್ಟರು. ಎಕ್ಸ್270ರದ್ದು ಆರು ಅಥವಾ ಏಳನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಬಳಸುವವರಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ.

ಡೆಲ್ ಲ್ಯಾಟಿಟ್ಯೂಡ್ 7290ರಲ್ಲಿ ಒಂದೇ ಸ್ಲಾಟ್. ಎಚ್‌ಪಿ ಎಲೀಟ್‌ಬುಕ್ 830 ಜಿ5ನಲ್ಲಿ ಎರಡು. ಹದಿಮೂರು ಇಂಚಿನ ಆಸುಪಾಸಿನಲ್ಲಿ ನನ್ನ ಆಯ್ಕೆ ಅದೇ. ಒಂದೂವರೆ ಕಿಲೋ ಮೀರಿದ ಭಾರ ಹೊರಲು ತಯಾರಿದ್ದರೆ ಹದಿನಾಲ್ಕು ಇಂಚಿನ ಥಿಂಕ್‌ಪ್ಯಾಡ್ ಟಿ480 ತಗೊಳ್ಳಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಸ್ಲಾಟು, ಎರಡು ಬ್ಯಾಟರಿ, ಹೆಚ್ಚಿನವು ಎಂಟನೇ ತಲೆಮಾರು. ಒಂದು ಎಚ್ಚರಿಕೆ: ಆ ಕಾಲದ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಚಿಪ್‌ನೊಳಗಿನ ತಂತ್ರಾಂಶ) ದೋಷದಿಂದ ಯುಎಸ್‌ಬಿ ಸಿ ಪೋರ್ಟ್ ಕೈಕೊಡುತ್ತಿತ್ತು. ಲೆನೊವೊ ಅದಕ್ಕೆ ಅಪ್‌ಡೇಟ್ ಬಿಟ್ಟಿದೆ. ಮನೆಗೆ ತಂದ ದಿನವೇ ಹಾಕಿ.

ಹೆಜ್ಜೆ 3: ಆಫೀಸಿನ ಬೀಗ ಇನ್ನೂ ಇದೆಯೇ?

ಅಕ್ಕನ ಮಗ ಎಡವಿದ್ದು ಇಲ್ಲಿ. ಈ ಹೆಜ್ಜೆಗೆ ಒಂದು ಗಂಟೆ ಬೇಕು. ಅಷ್ಟು ಹೊತ್ತು ಕೂರಲು ಬಿಡದ ಅಂಗಡಿಯಿಂದ ಕೊಳ್ಳಲೇಬೇಡಿ.

ದೊಡ್ಡ ಕಂಪನಿಗಳು ಲ್ಯಾಪ್‌ಟಾಪ್ ಕೊಂಡ ಕೂಡಲೇ ಅದರ ಗುರುತನ್ನು ಮೈಕ್ರೋಸಾಫ್ಟ್‌ನಲ್ಲಿ ನೋಂದಾಯಿಸುತ್ತವೆ. ಈ ಏರ್ಪಾಡಿಗೆ ಆಟೋಪೈಲಟ್ ಎಂದು ಹೆಸರು. ವಿಂಡೋಸ್ ಹೊಸದಾಗಿ ಶುರುವಾಗಿ ಇಂಟರ್‌ನೆಟ್ ಸಿಕ್ಕಿದ ಕ್ಷಣ ಅದು ಮೈಕ್ರೋಸಾಫ್ಟಿನ ಸರ್ವರ್‌ಗೆ ನಾನು ಯಾರವನು ಎಂದು ಕೇಳುತ್ತದೆ. ಇಂಥ ಕಂಪನಿಯವನು ಎಂಬ ಉತ್ತರ ಬಂದರೆ ನೇರ ಆ ಕಂಪನಿಯ ಲಾಗಿನ್ ಪುಟಕ್ಕೆ ಹೋಗಿ ನಿಲ್ಲುತ್ತದೆ. ಗುರುತು ಇರುವುದು ಯಂತ್ರದ ಹಾರ್ಡ್‌ವೇರ್‌ಗೆ. ಆದ್ದರಿಂದ ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ, ಫೈಲ್‌ಗಳು ಕೂರುವ ಎಸ್‌ಎಸ್‌ಡಿ ಡಿಸ್ಕನ್ನೇ ಬದಲಿಸಿದರೂ ಹೋಗುವುದಿಲ್ಲ. ತೆಗೆಯಬೇಕಾದವರು ಆ ಕಂಪನಿಯ ಐಟಿ ವಿಭಾಗದವರು. ಎಷ್ಟೋ ಸಲ ಅವರು ಮರೆತಿರುತ್ತಾರೆ.

ಅಂಗಡಿಯಲ್ಲಿ ಇದು ಗೊತ್ತೇ ಆಗದಿರಲು ಕಾರಣ ಸರಳ. ಅವರು ಇಂಟರ್‌ನೆಟ್ ಕೊಡದೆ ವಿಂಡೋಸ್ ಹಾಕುತ್ತಾರೆ. ಒಮ್ಮೆ ಡೆಸ್ಕ್‌ಟಾಪ್ ಬಂದಮೇಲೆ ನೆಟ್ ಕೊಟ್ಟರೂ ಅದು ಕೇಳುವುದಿಲ್ಲ. ಮುಂದಿನ ರೀಸೆಟ್‌ವರೆಗೆ ಎಲ್ಲ ಚೆನ್ನ.

ಹಾಗಾಗಿ ಆ ರೀಸೆಟ್ ಅಂಗಡಿಯಲ್ಲೇ ಆಗಲಿ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರೀಸೆಟ್ ದಿಸ್ ಪಿಸಿ, ರಿಮೂವ್ ಎವ್ರಿಥಿಂಗ್. ಚಾರ್ಜರ್ ಹಾಕಿರಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು, ಅಷ್ಟರಲ್ಲಿ ಟೀ ಕುಡಿದು ಬನ್ನಿ. ಮತ್ತೆ ಆನ್ ಆದಾಗ ದೇಶ, ಕೀಬೋರ್ಡ್ ಕೇಳಿ ವೈಫೈ ಕೇಳುತ್ತದೆ. ಆಗ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ, ಅಂಗಡಿಯ ವೈಫೈ ಬೇಡ. ಸ್ವಂತ ಬಳಕೆಗಾ, ಕಚೇರಿಗಾ ಎಂದು ಕೇಳಿದರೆ ಒಳ್ಳೆಯದು. ಕಂಪನಿಯ ಹೆಸರು ಬಂದರೆ ಎದ್ದುಬಿಡಿ. ‘ಅದೊಂದು ನಿಮಿಷ ಸಾರ್, ನಮ್ ಹುಡುಗ ಬೈಪಾಸ್ ಮಾಡ್ತಾನೆ’ ಅಂದರೂ ಎದ್ದುಬಿಡಿ. ಬೀಗ ಹಾಗೇ ಇರುತ್ತದೆ, ನಿಮಗೆ ಕಾಣದ ಹಾಗೆ ಮುಚ್ಚಿಡುತ್ತಾರೆ ಅಷ್ಟೇ. ಕಂಪನಿ ಬಿಟ್ಟುಕೊಡದ ಯಂತ್ರ ಕದ್ದ ಮಾಲೂ ಆಗಿರಬಹುದು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಲಿನಕ್ಸ್ ಹಾಕುವವರಿಗೆ ಈ ಬೀಗ ತಾಗುವುದಿಲ್ಲ. ಆದರೆ ಇನ್ನೊಂದು ಎಲ್ಲರಿಗೂ ತಾಗುತ್ತದೆ. ಅದು ಬಯೋಸ್ ಪಾಸ್‌ವರ್ಡ್. ವಿಂಡೋಸ್‌ಗೂ ಮುಂಚೆ ಓಡುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶವೇ ಬಯೋಸ್. ಆನ್ ಮಾಡುವಾಗ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ. ಪಾಸ್‌ವರ್ಡ್ ಕೇಳದೆ ಒಳಗೆ ಬಿಡಬೇಕು. ಒಳಗೆ ಹೋದಮೇಲೆ ಒಂದು ಸೆಟ್ಟಿಂಗ್ ಬದಲಿಸಿ ಸೇವ್ ಮಾಡಿ ನೋಡಿ. ಕೆಲವು ಸಲ ನೋಡಲು ಬಿಡುತ್ತದೆ, ಬದಲಿಸಲು ಬಿಡುವುದಿಲ್ಲ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಬ್ಯಾಟರಿ ಕಿತ್ತಿಟ್ಟರೆ ಅಳಿಸಿಹೋಗುವ ಜಾತಿಯದಲ್ಲ. ಅಧಿಕೃತ ಪರಿಹಾರ ಎಂದರೆ ಬೋರ್ಡ್ ಬದಲಿಸುವುದು. ಅದೇ ಬಯೋಸ್‌ನ ಸೆಕ್ಯುರಿಟಿ ಪುಟದಲ್ಲಿ ಆಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಎಂಬ ಸಾಲಿರುತ್ತದೆ. ಅದು ಕಳುವಾದ ಯಂತ್ರ ಹುಡುಕುವ ಸೌಲಭ್ಯ. ಆಕ್ಟಿವೇಟೆಡ್ ಎಂದಿದ್ದರೆ ಅಲ್ಲಿಗೇ ಮುಗಿಸಿ.

ಹೆಜ್ಜೆ 4: ಬ್ಯಾಟರಿ

ಮೊದಲು ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆ ಒತ್ತಿ. ಅಲುಗಾಡಿದರೆ, ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಆಗದಿದ್ದರೆ, ಒಳಗೆ ಬ್ಯಾಟರಿ ಊದಿರಬಹುದು. ಅಂಥದ್ದನ್ನು ಮನೆಗೆ ತರಬೇಡಿ.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್‌ನಲ್ಲಿ ಪವರ್ ಎಂದು ಟೈಪ್ ಮಾಡಿ, ಅದಕ್ಕೇ ಅಂಟಿಸಿ ಸಿ ಎಫ್ ಜಿ. ಒಂದು ಸ್ಪೇಸ್ ಬಿಟ್ಟು ಓರೆಗೆರೆ (/), ಮುಂದೆ ಬ್ಯಾಟರಿ ರಿಪೋರ್ಟ್ ಎಂದು ಒಂದೇ ಪದವಾಗಿ. ಒಂದು ವರದಿ ಫೈಲ್ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಎಂದು ಎರಡು ಅಂಕಿ. ಮೊದಲನೆಯದು 48,000, ಎರಡನೆಯದು 24,000 ಇದ್ದರೆ ಅರ್ಧ ಆಯಸ್ಸು ಹೋಗಿದೆ. ಮುಕ್ಕಾಲು ಉಳಿದಿದ್ದರೆ ನಾನು ಒಪ್ಪುತ್ತೇನೆ. ಎರಡೂ ಅಂಕಿ ಒಂದೇ ಇದ್ದು ಸೈಕಲ್ (ಎಷ್ಟು ಸಲ ಚಾರ್ಜ್ ಆಗಿ ಖಾಲಿಯಾಗಿದೆ ಎಂಬ ಲೆಕ್ಕ) ಸೊನ್ನೆ ತೋರಿಸಿದರೆ ಖುಷಿಪಡಬೇಡಿ. ನಾಲ್ಕು ವರ್ಷದ ಲ್ಯಾಪ್‌ಟಾಪಿಗೆ ಅದು ಹೇಗೆ ಬಂತು? ಹೆಚ್ಚಾಗಿ ಡೂಪ್ಲಿಕೇಟ್ ಬ್ಯಾಟರಿ. ಚಾರ್ಜರ್ ಕಿತ್ತು, ಬೆಳಕು ಪೂರ್ತಿ ಏರಿಸಿ, ಇಪ್ಪತ್ತು ನಿಮಿಷ ವಿಡಿಯೊ ಓಡಿಸಿ. ಶೇಕಡಾ ಹದಿನೈದಕ್ಕಿಂತ ಜಾಸ್ತಿ ಇಳಿದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಆ ಇಪ್ಪತ್ತು ನಿಮಿಷದಲ್ಲಿ ಫ್ಯಾನ್ ಸದ್ದನ್ನೂ ಕೇಳಿ. ಪುಟ್ಟ ಮೈಯೊಳಗೆ ಒಂದೇ ಚಿಕ್ಕ ಫ್ಯಾನ್, ಕೆಳಗಿಂದ ಗಾಳಿ. ಕಲಬುರಗಿಯ ಮೇ ತಿಂಗಳಲ್ಲಿ ಹಾಸಿಗೆ ಮೇಲಿಟ್ಟು ಕೆಲಸ ಮಾಡುವ ಯಂತ್ರ ಇದಲ್ಲ. ಗೇಮ್ ಆಡುವವರು, ವಿಡಿಯೊ ಎಡಿಟ್ ಮಾಡುವವರು ಇದರ ಕಡೆ ನೋಡಲೇಬೇಡಿ.

ಹೆಜ್ಜೆ 5: ಪರದೆ

ಬಲಗಡೆ, ಎಡಗಡೆ, ಮೇಲಿಂದ ನೋಡಿ. ಬಣ್ಣ ಬದಲಾದರೆ ಹಳೇ ಅಗ್ಗದ ಪ್ಯಾನೆಲ್. ಹನ್ನೆರಡೂವರೆ ಇಂಚಿನ ಬಹಳಷ್ಟು ಮಾಡೆಲ್‌ಗಳಲ್ಲಿ 1366 x 768 ಪಿಕ್ಸೆಲ್‌ನ ಪರದೆಯನ್ನೇ ಹಾಕಿದ್ದರು. 1920 x 1080 ಇರುವುದನ್ನೇ ಕೇಳಿ. ಕೆಲವು ಎಲೀಟ್‌ಬುಕ್‌ಗಳಲ್ಲಿ ಪಕ್ಕದವರಿಗೆ ಕಾಣದಂತೆ ಮಾಡುವ ಶ್ಯೂರ್ ವ್ಯೂ ಪರದೆ ಇರುತ್ತದೆ. ವಿಮಾನದಲ್ಲಿ ಕೂತು ಲೆಕ್ಕ ನೋಡುವ ಸಾಹೇಬರಿಗೆ ಅದು ಸರಿ. ಮನೆಯಲ್ಲಿ ನಾಲ್ಕು ಜನ ಕೂತು ಸಿನಿಮಾ ನೋಡಲು ಆಗುವುದಿಲ್ಲ, ಆಫ್ ಮಾಡಿದರೂ ಮಂಕು. ಎಫ್2 ಕೀ ಮೇಲೆ ಅದರ ಚಿತ್ರ ಇದೆಯಾ ನೋಡಿ.

ಹೆಜ್ಜೆ 6: ಕೀಬೋರ್ಡ್, ಪೋರ್ಟ್

ಎಲ್ಲ ಕೀ ಒತ್ತಿ, ಎಲ್ಲ ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಚುಚ್ಚಿ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರು ಎಫ್ ಕೀಯನ್ನೂ ಎರಡು ಶಿಫ್ಟನ್ನೂ ಇನ್ನೊಮ್ಮೆ ನೋಡಿ. ಒತ್ತಕ್ಷರಕ್ಕೆ ಎಫ್, ಮಹಾಪ್ರಾಣಕ್ಕೆ ಶಿಫ್ಟ್. ಎಫ್ ಸತ್ತಿದ್ದರೆ ಅಕ್ಕ ಎಂದು ಬರೆಯಲು ಹೋಗಿ ಅಕಕ ಆಗುತ್ತದೆ.

ಹೆಜ್ಜೆ 7: ಎಸ್‌ಎಸ್‌ಡಿ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಗುಡ್ ಎಂದಿದ್ದರೆ ಸಾಕು.

ಕೊನೆಗೆ ಅಂಗಡಿಯವರು ಆಫೀಸ್, ಫೋಟೊಶಾಪ್ ಎಲ್ಲ ಫ್ರೀಯಾಗಿ ಹಾಕಿಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. ಅವರು ಹಾಕುವ ಕ್ರ್ಯಾಕ್ (ಕಳ್ಳ ಪ್ರತಿ) ಜೊತೆ ಇನ್ನೇನು ಬರುತ್ತದೋ ಅವರಿಗೂ ಗೊತ್ತಿರುವುದಿಲ್ಲ. ಲಿಬ್ರೆಆಫೀಸ್ ಉಚಿತ, ಯೂನಿಕೋಡ್ ಕನ್ನಡವೂ ಅದರಲ್ಲಿ ಚೆನ್ನಾಗಿ ಬರುತ್ತದೆ. ಫ್ರೀ ಕೊಡುವುದೇ ಆದರೆ ಚಾರ್ಜರ್ ಕೇಳಿ, ಯಂತ್ರದ ಜೊತೆ ಬಂದ ಅಸಲಿಯದೇ.